ಸಮುದ್ರಕ್ಕೆ ಹೋದವನನ್ನು ಬೆಟ್ಟದಲ್ಲಿ ಹುಡುಕಿದ್ದು

ಮೊನ್ನೆ ನಮ್ಮ ಹನೂರಿನ ಶಾಲೆಗೆ ಬಂದ ಇನ್ಸ್‌ಪೆಕ್ಟರು ಮೋಟಾರ್ ಸೈಕಲ್ಲಿನಿಂದ ಇಳಿದು, ಮಳೆಯಲ್ಲಿ ನೆಂದಿದ್ದ ತಮ್ಮ ಚರ್ಮದ ಟೋಪಿಯನ್ನು ನನ್ನ ಕ್ಲಾಸಿನ ಕಿಟಕಿಗೆ ನೇತುಹಾಕಿದರು. ಒದ್ದೆ ಚರ್ಮ, ಬೆವರು, ತಲೆಗೆ ಹಚ್ಚಿದ ಎಣ್ಣೆ... ಮೂರೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೋರ್ಡಿನ ಮೇಲೆ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನಿಂತುಬಿಟ್ಟೆ. ತಮಗೆ ಹೆದರಿ ನಾನು ತಡವರಿಸಿದೆ ಎಂದುಕೊಂಡರೋ ಏನೋ, ಇನ್ಸ್‌ಪೆಕ್ಟರು ಪಾಪ, ಆ ಕಡೆ ತಿರುಗಿಕೊಂಡರು.

ಅಂಥದೇ ಟೋಪಿ ಯುದ್ಧದ ಕಾಲದಲ್ಲಿ ಕೊಳ್ಳೇಗಾಲದಲ್ಲಿ, ನಮ್ಮ ಎದುರುಮನೆಯ ಜಗುಲಿಯ ಗೂಟದಲ್ಲಿ ಹತ್ತು ದಿನ ನೇತಾಡಿತ್ತು. ಚರ್ಮವನ್ನು ಒಳಗೆ ತರಕೂಡದು ಎಂದು ಆ ಮನೆಯ ದೊಡ್ಡವ್ವ ಹೊರಗೇ ಹಾಕಿಸಿದ್ದರು. ಯಾರೂ ಇಲ್ಲದಾಗ ನಾನು ಹೋಗಿ ಅದನ್ನು ಮೂಸಿ ನೋಡಿ ಬರುತ್ತಿದ್ದೆ. ನನಗಾಗ ಹದಿನಾಲ್ಕು ವರ್ಷ. ಆ ಟೋಪಿ ಹಾಕಿಕೊಂಡು ನಮ್ಮ ಎದುರುಮನೆಯ ಅಣ್ಣ ವಿಮಾನ ಹಾರಿಸುತ್ತಾನೆ ಎಂಬುದನ್ನು ನಂಬಲು ನನಗೆ ಆ ವಾಸನೆ ಬೇಕಾಗಿತ್ತು.

ಅಣ್ಣ ದೊಡ್ಡವ್ವನಿಗೆ ಒಬ್ಬನೇ ಮಗ. ತಂದೆ, ಆ ಮನೆಯ ಯಜಮಾನರು, ರೇಷ್ಮೆ ನೂಲಿನ ವ್ಯಾಪಾರಸ್ಥರು. ಹನೂರಿನ ಕಡೆ ಜಮೀನೂ ಇತ್ತು. ನಮ್ಮ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಾದ್ದರಿಂದ ಮಗನನ್ನು ಓದಲು ಅಲ್ಲಿಗೇ ಕಳಿಸಿದ್ದರು. ಅವನು ಓದುತ್ತ ಓದುತ್ತ ವಿಮಾನ ಬಿಡುವುದನ್ನು ಕಲಿತ. ಯುದ್ಧ ಶುರುವಾದಾಗ ಮನೆಯಲ್ಲಿ ಒಂದು ಮಾತೂ ಕೇಳದೆ ವಾಯುಪಡೆಗೆ ಸೇರಲು ರುಜು ಹಾಕಿದ. ನೌಕಾಪಡೆಯ ಹಡಗುಗಳು ಬಂದರಿಗೆ ಬರುವಾಗ ಹೋಗುವಾಗ ಅವಕ್ಕೆ ಕಾವಲಾಗಿ ಸಮುದ್ರದ ಮೇಲೆ ಹಾರುವುದು, ನೀರಿನೊಳಗೆ ಶತ್ರುವಿನ ಜಲಾಂತರ್ಗಾಮಿ ಇದೆಯೋ ಎಂದು ನೋಡುವುದು ಅವನ ಕೆಲಸ. "ಇಂಗ್ಲೀಷ್ನೋರ್ ಜಗಳಕ್ಕೆ ನನ್ ಮಗ್ನೇ ಬೇಕಾಗಿದ್ನಾ?" ಎಂದು ಯಜಮಾನರು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದರು. ಆಮೇಲೆ ಮಗನೊಂದಿಗೆ ಮಾತು ಬಿಟ್ಟರು.

ನಾನು ಮೇಷ್ಟರ ಮಗಳು. ನನಗೆ ಇಂಗ್ಲಿಷ್ ಓದಲು ಕಲಿಸಿದವನು ಅಣ್ಣ. ರಜೆಗೆ ಬಂದಾಗಲೆಲ್ಲ ಜಗುಲಿಯ ಮೇಲೆ ಕೂರಿಸಿಕೊಂಡು, ತಪ್ಪಿದರೆ ತಲೆಗೊಂದು ಮೊಟಕಿ ಕಲಿಸಿದ. ಆ ಟೋಪಿಯೊಂದಿಗೆ ಬಂದ ಸಲ ಮಾತ್ರ ಪುಸ್ತಕ ತೆಗೆಯಲಿಲ್ಲ. ತುಂಬ ಇಳಿದುಹೋಗಿದ್ದ. ತಟ್ಟೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದ.

"ನೆಲದ್ ಮ್ಯಾಲಾದ್ರೆ ಕೆರೆ ಅದೆ, ಗುಡಿ ಅದೆ, ರಸ್ತೆ ಅದೆ, ಗುರ್ತು ಇಡ್ಕಂಡು ಓಗ್ಬೋದು. ನೀರ್ ಮ್ಯಾಲೆ ಏನ್ ನೋಡ್ಲಿ ಯೋಳಮ್ಮಿ?" ಅಂದ ಒಂದು ಮಧ್ಯಾಹ್ನ.

"ದಾರಿ ತಪ್ಪುದ್ರೆ?" ಅಂದೆ.

"ಎಣ್ಣೆ ಇರೋಗಂಟ ಉಡುಕ್ತೀನಿ" ಅಂದು ನಗಲು ನೋಡಿದ. "ಅವ್ವನ್ಗೆ ಯೋಳ್ಬ್ಯಾಡ ಕಣಮ್ಮಿ."

ಅವನು ಹೊರಟ ದಿನ ಯಜಮಾನರು ಒಳಗಿನ ಕೋಣೆಯಿಂದ ಈಚೆಗೆ ಬರಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು "ಬತ್ತೀನಿ ಅಪ್ಪಾ" ಅಂದ. ಒಳಗಿಂದ ಕೆಮ್ಮು ಮಾತ್ರ ಕೇಳಿಸಿತು.

ಎರಡು ತಿಂಗಳಾಗಿರಬೇಕು. ಜಪಾನಿನವರು ಬಂದೇಬಿಟ್ಟರೆಂಬ ಸುದ್ದಿಗೆ ಹೆದರಿ ಮದರಾಸಿನ ಜನ ಊರೂರಿಗೆ ಗುಳೆ ಹೊರಟಿದ್ದ ಕಾಲ. ಒಂದು ಬೆಳಿಗ್ಗೆ ಪೋಸ್ಟಾಫೀಸಿನ ಜವಾನ ತಂತಿ ತಂದುಕೊಟ್ಟ. ಯಜಮಾನರು ಹನೂರಿಗೆ ಹೋಗಿದ್ದರು, ನಮ್ಮಪ್ಪ ಶಾಲೆಯಲ್ಲಿದ್ದರು. ದೊಡ್ಡವ್ವ ರಾಗಿಹಿಟ್ಟಿನ ಕೈಯಲ್ಲೇ ಬೀದಿ ದಾಟಿ ಬಂದು ನನ್ನ ಮುಂದೆ ಹಿಡಿದರು.

"ಓದು ಕೂಸು."

ನಾಲ್ಕೇ ಸಾಲು. ನಿಮ್ಮ ಮಗ ಹೋದ ವಿಮಾನ ಸಮುದ್ರದ ಮೇಲಿಂದ ಮರಳಿಲ್ಲ, ಹುಡುಕಿದರೂ ಸುಳಿವಿಲ್ಲ, ಮಿಸ್ಸಿಂಗ್ ಎಂದಿತ್ತು. ಒಂದೊಂದು ಪದವೂ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು... ದೊಡ್ಡವ್ವ ನನ್ನ ತುಟಿಯನ್ನೇ ನೋಡುತ್ತಿದ್ದರು. ಅಣ್ಣ ಜಗುಲಿಯ ಮೇಲೆ ಆಡಿದ ಮಾತು ಎಲ್ಲಿತ್ತೋ, ಬಾಯಿಗೆ ಬಂತು.

"ಅಣ್ಣ ದಾರಿ ತಪ್ಪವ್ನಂತೆ ದೊಡ್ಡವ್ವ. ಉಡುಕ್ತಾವ್ರಂತೆ."

ಸಮುದ್ರ ಎಂಬ ಪದವನ್ನು ನುಂಗಿಬಿಟ್ಟೆ.

ಯಜಮಾನರು ಬಂದು ತಂತಿಯನ್ನು ವಕೀಲರ ಮನೆಗೆ ತೆಗೆದುಕೊಂಡು ಹೋದರು. ವಾಪಸು ಬಂದವರು ಜಗುಲಿಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು. ಅವರು ಹೇಳುತ್ತಾರೆ, ನನ್ನ ಸುಳ್ಳು ಬಯಲಾಗುತ್ತದೆ ಎಂದು ಕಾದೆ. ಅವರು ಹೇಳಲಿಲ್ಲ. ಹಾಗೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ದೊಡ್ಡವ್ವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ವಾರದಲ್ಲೇ ಒಡೆಯರಪಾಳ್ಯದ ಕಡೆಯಿಂದ ದನ ಹೊಡೆದುಕೊಂಡು ಬಂದವನೊಬ್ಬ ಸಂತೆಯಲ್ಲಿ ಮಾತಾಡಿದ. ಬಿಳಿಗಿರಿರಂಗನ ಬೆಟ್ಟದ ಮೇಲೆ ಒಂದು ವಿಮಾನ ತೀರಾ ಕೆಳಕ್ಕೆ ಹೋಯಿತಂತೆ, ಆಮೇಲೆ ಸದ್ದು ನಿಂತುಹೋಯಿತಂತೆ. ಯಾವತ್ತಿನ ದಿನ, ಯಾರ ವಿಮಾನ, ಯಾರಿಗೆ ಗೊತ್ತು? ದೊಡ್ಡವ್ವನ ಕಿವಿಗೆ ಬಿದ್ದದ್ದೇ ಗಾಡಿ ಕಟ್ಟಿಸಿದರು. "ದಾರಿ ತಪ್ಪಿ ಮನೆ ಕಡೀಕೇ ಬಂದವ್ನೆ ಕಣ್ರಿ, ಇನ್ನೆಲ್ಗೆ ಓದಾನು?" ಅಂದರು. ಯಜಮಾನರು ತಡೆಯಲಿಲ್ಲ. "ಓಗ್ ಬರ್ಲಿ ಬುಡಿ" ಎಂದು ನಮ್ಮಪ್ಪನ ಮುಂದೆ ಕೈಮುಗಿದು, ನನ್ನನ್ನು ಜೊತೆಗೆ ಕಳಿಸಲು ಕೇಳಿಕೊಂಡರು.

ಗಡಿ ದಾಟಿ ಮೈಸೂರು ಸೀಮೆಗೆ ಬಂದು, ಅಗರದಲ್ಲಿ ಅವರ ನೆಂಟರ ಮನೆಯಲ್ಲಿ ತಂಗಿ, ಯಳಂದೂರಿನ ಮೇಲೆ ಬೆಟ್ಟದ ಬುಡ ಸೇರಿದೆವು. ದಾರಿಯುದ್ದಕ್ಕೂ ದೊಡ್ಡವ್ವ ಅವನಿಗೆಂದು ಕಟ್ಟಿದ್ದ ಬುತ್ತಿ ಹಳಸದಂತೆ ಗಂಟು ಬಿಚ್ಚಿ ಗಾಳಿಗೆ ಹಿಡಿಯುತ್ತಿದ್ದರು. ನಾನು ಎದುರಿಗೇ ಕೂತಿದ್ದೆ. ಹೇಳಬೇಕು, ಈಗ ಹೇಳಬೇಕು, ಮುಂದಿನ ಊರು ಬಂದಾಗ ಹೇಳಬೇಕು... ಊರುಗಳು ಮುಗಿದು ಕಾಡು ಬಂತು.

ಬೆಟ್ಟದ ಮೇಲೆ ಸೋಲಿಗರ ಪೋಡೊಂದರಲ್ಲಿ, ಅಂದರೆ ಅವರ ಹಾಡಿಯಲ್ಲಿ, ಒಬ್ಬ ಮುದುಕರು ನಮ್ಮ ಮಾತು ಕೇಳಿಸಿಕೊಂಡರು. ನಾಲ್ಕು ದಿನ ನಮ್ಮನ್ನು ಕರೆದುಕೊಂಡು ಸುತ್ತಿದರು. ಎಲ್ಲಿ ಮರದ ತುದಿ ಮುರಿದಿದ್ದರೂ ದೊಡ್ಡವ್ವ ಅದರ ಕೆಳಗೆ ಓಡುತ್ತಿದ್ದರು. ಮುಳ್ಳಿಗೆ ಸೀರೆ ಹರಿಯಿತು, ಕಾಲಿಗೆ ಜಿಗಣೆ ಹತ್ತಿತು. ಅವನ ಹೆಸರು ಹಿಡಿದು ಕೂಗುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು, ಮುದ್ದಿಗೆ ಕರೆಯುವ ಹೆಸರು, ಎರಡನ್ನೂ. ಎದುರಿನ ಗುಡ್ಡ ತಿರುಗಿ ಕೂಗಿದರೆ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೂರನೆಯ ದಿನಕ್ಕೆ ಗಂಟಲು ಬಿದ್ದುಹೋಯಿತು. ತುಟಿ ಮಾತ್ರ ಆಡುತ್ತಿತ್ತು.

"ಇಲ್ಲಿ ಬಿದ್ದಿಲ್ಲ ಕಣವ್ವಾ" ಅಂದರು ಮುದುಕರು. "ಅಷ್ಟ್ ದೊಡ್ಡದು ಬಿದ್ದಿದ್ರೆ ನಮ್ಗೆ ತಿಳೀದೆ ಇದ್ದಾದಾ? ಕಾಡು ಸುಮ್ಗಿರಾಕಿಲ್ಲ."

"ಇನ್ನೊಂದ್ ಕಣಿವೆ ನೋಡುವಾ ಕಣಣ್ಣಾ" ಎಂದು ಪಿಸುಗುಟ್ಟಿದರು ದೊಡ್ಡವ್ವ.

ನಾಲ್ಕನೆಯ ದಿನ ಮಧ್ಯಾಹ್ನ ಹಳ್ಳದ ಪಕ್ಕ ಕುಸಿದು ಕೂತರು. ಮೈ ಕೆಂಡದಂತೆ ಸುಡುತ್ತಿತ್ತು. ಮುದುಕರು ಮುಂದೆ ಹೋಗಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ. ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

"ದೊಡ್ಡವ್ವಾ, ತಂತೀಲಿ ಸಮುದ್ರ ಅಂತಿತ್ತು. ನಾನೇ ಯೋಳ್ನಿಲ್ಲ. ಅಣ್ಣ ಈ ಕಡೀಕೆ ಬಂದೇ ಇಲ್ಲ. ಸಮುದ್ರದಲ್ಲಿ... ನಾನೇ ಮುಚ್ಚಿಟ್ಟೆ."

ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ವಾಸಿಯಾಗಿತ್ತು. ಅವರು ನನ್ನ ಕೂದಲಿಗೆ ಹತ್ತಿದ್ದ ತರಗೆಲೆಯನ್ನು ತೆಗೆದು ಬಿಸಾಕಿದರು.

"ಗೊತ್ತು ಕೂಸು. ನೀ ಓದ್ವಾಗ್ಲೇ ನಿನ್ ಮೊಕ ನೋಡುದ್ನಲ್ಲ." ಆ ಬಿದ್ದುಹೋದ ಗಂಟಲಲ್ಲಿ ಅದು ಮಾತೋ ಉಸಿರೋ ತಿಳಿಯುವಂತಿರಲಿಲ್ಲ. "ನೀರ್ಗೆ ನಾ ಎಂಗ್ ಓಗ್ಲಿ? ಎಲ್ಲಿ ಅಂತ ಕಾಲಿಡ್ಲಿ? ಕಾಡಾದ್ರೆ ನಡೀಬೋದು. ಎತ್ತೋಳು ಅಂದ್ಮೇಲೆ ಏನಾರ ಮಾಡ್ಬೇಕಲ್ಲ ಕೂಸು... ಮನೇಲಿ ಕೂರಕ್ಕಾದಾ?"

ಹೇಳಿ, ಎರಡೂ ಕೈ ನೆಲಕ್ಕೆ ಊರಿ ಎದ್ದರು. ಎದ್ದು ಇನ್ನೊಂದು ಕಣಿವೆಯ ಕಡೆಗೆ ತಿರುಗಿ ಮತ್ತೆ ಕೂಗಿದರು. ಸ್ವರ ಬರಲಿಲ್ಲ. ಅವರ ಬದಲು ನಾನು ಕೂಗಿದೆ. ಅವನು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೊತ್ತು ಇಳಿಯುವವರೆಗೆ ಅವನ ಹೆಸರು ಕೂಗುತ್ತ ಆ ಕಣಿವೆಯನ್ನು ಪೂರಾ ಸುತ್ತಿದೆವು.

ಕೊನೆಗೆ ಮುದುಕರೂ ಗಾಡಿಯವನೂ ಸೇರಿ ದೊಡ್ಡವ್ವನನ್ನು ಹೊತ್ತೇ ಇಳಿಸಬೇಕಾಯಿತು.

ಮುಂದಿನ ವರ್ಷ, ಅಣ್ಣ ಸತ್ತನೆಂದು ತೀರ್ಮಾನಿಸಲಾಗಿದೆ ಎಂಬ ಕಾಗದ ಬಂತು. ಯಜಮಾನರು ಹೊಲದಲ್ಲಿ ಹಿರಿಯರ ಸಮಾಧಿಗಳ ಪಕ್ಕ ಗುಂಡಿ ತೆಗೆಸಿ, ಮಗನ ಬಟ್ಟೆಯನ್ನಾದರೂ ಇಟ್ಟು ಮಣ್ಣು ಮಾಡೋಣವೆಂದರು. ದೊಡ್ಡವ್ವ ಗುಂಡಿಯ ಅಂಚಿಗೆ ಹೋಗಿ ಕೂತರು. "ಬರೀ ಗುಂಡಿಗೆ ಮಣ್ಣೆಳೀಬ್ಯಾಡಿ" ಅಂದರು. ಅಷ್ಟೇ. ಯಜಮಾನರು ಆಳುಗಳನ್ನು ಕಳಿಸಿ, ಆ ಗುಂಡಿಯೊಳಕ್ಕೆ ತಾವೇ ಇಳಿದು ನಿಂತು ಗಟ್ಟಿಯಾಗಿ ಅತ್ತರು. "ಒಂದ್ ಮಾತಾಡ್ನಿಲ್ವಲ್ಲೋ ನಾನು, ಓಗ್ ಬಾ ಅನ್ನನಿಲ್ವಲ್ಲೋ" ಎಂದು ಅವರು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅವರನ್ನೇ ಮಣ್ಣು ಮಾಡಿದರು.

ಹೋದ ವರ್ಷದ ಬೇಸಿಗೆಯಲ್ಲಿ ನಾನು ಟ್ರೈನಿಂಗಿಗೆಂದು ಮದರಾಸಿಗೆ ಹೋಗಿದ್ದೆ. ಮೊದಲ ಸಲ ಸಮುದ್ರ ನೋಡಿದೆ. ಮೊಣಕಾಲುದ್ದದ ನೀರಿನಲ್ಲಿ ನಿಂತೆ. ಮುಂದೆ ಹೋಗಲು ಆಗಲಿಲ್ಲ. ಊರಿಗೆ ಬಂದು ದೊಡ್ಡವ್ವನ ಹತ್ತಿರ ಕೂತಾಗ ಅವರು ಮದರಾಸಿನ ಬಗ್ಗೆ ಬೇರೇನೂ ಕೇಳಲಿಲ್ಲ. "ನೀರು ತಣ್ಗದಾ ಕೂಸು?" ಅಂದರು.

"ಇಲ್ಲ ದೊಡ್ಡವ್ವ. ಬೆಚ್ಗಿತ್ತು" ಅಂದೆ. ತಲೆಯಾಡಿಸಿದರು.

ಈಗ ಆ ದೊಡ್ಡವ್ವನೂ ಇಲ್ಲ. ಎದುರುಮನೆಯಲ್ಲಿ ಬೇರೆ ಯಾರೋ ನೂಲು ಸುತ್ತುತ್ತಾರೆ. ಅಲ್ಲಿ ಅಂಥ ಹುಡುಗನೊಬ್ಬ ಇದ್ದನೆಂಬುದೇ ಅವರಿಗೆ ತಿಳಿಯದು. ಅವನ ಮುಖ ನೆನೆಸಿಕೊಳ್ಳುವವಳು ಆ ಬೀದಿಯವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಕಣ್ಣು ಮುಚ್ಚಿ ಕೂತರೆ ಮೊದಲೆಲ್ಲ ಪೂರಾ ಕಾಣುತ್ತಿದ್ದ. ಈಚೆಗೆ ಹುಬ್ಬು ಕಂಡರೆ ಬಾಯಿ ಕಾಣುವುದಿಲ್ಲ, ಬಾಯಿ ಕಂಡರೆ ಕಣ್ಣು ಕಾಣುವುದಿಲ್ಲ... ಇನ್ನೆಷ್ಟು ದಿನ ಹಿಡಿದಿಟ್ಟುಕೊಳ್ಳಬಲ್ಲೆನೋ, ನನಗೆ ಗೊತ್ತಿಲ್ಲ.