ವೈನಿಯ ಮಷಿನ್ ಮೇಲಿನ ಚುರಮರಿ ಡಬ್ಬಿ

ಕುಬಸದ ದಿನ ಕುಬಸವೇ ಮೈಮೇಲೆ ಏರದಿದ್ದರೆ ಏನು ಮಾಡುತ್ತೀರಿ?

ನಮ್ಮ ಕಡೆ ಬಸುರಿಗೆ ಮಾಡುವ ಕಾರ್ಯಕ್ಕೇ ಕುಬಸ ಎನ್ನುತ್ತಾರೆ. ಹಸಿರು ಸೀರೆ, ಹಸಿರು ಬಳೆ, ತವರಿನವರು ತಂದ ಹಸಿರು ಖಣದಲ್ಲಿ ಹೊಲಿದ ರವಿಕೆ; ಆ ರವಿಕೆಗೂ ಕುಬಸವೆಂದೇ ಹೆಸರು. ಮಿಕ್ಕಿದ್ದು ಹೆಚ್ಚುಕಡಿಮೆ ಆದರೂ ನಡೆಯುತ್ತದೆ. (ಸಾರಿಗೆ ಉಪ್ಪು ಜಾಸ್ತಿಯಾದರೂ ನಡೆಯುತ್ತದೆ, ಎರಡು ದಿನ ಆಡಿಕೊಂಡು ಬಿಡುತ್ತಾರೆ.) ಆ ಖಣದ ಕುಬಸ ಮಾತ್ರ ಮೈಮೇಲೆ ಬರಲೇಬೇಕು.

ಹುನಗುಂದದ ಆ ಮನೆಯಲ್ಲಿ ಬರಲಿಲ್ಲ. ರಟ್ಟೆಯ ಹತ್ತಿರವೇ ಸಿಕ್ಕಿಕೊಂಡಿತು. ಹೊಲಿದವರು ನಮ್ಮ ವೈನಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಶಶಿಕಲಾ. ಇಳಕಲ್ಲಿನ ನನ್ನ ತವರುಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ ಮಷಿನ್ ಹಾಕಿಕೊಂಡು ಓಣಿಯ ಅರ್ಧ ಹೆಂಗಸರಿಗೆ ಹೊಲಿದುಕೊಟ್ಟವರು. ಅದೇ ಓಣಿಯ ಕಮಲಕ್ಕ, ಹುನಗುಂದಕ್ಕೆ ಕೊಟ್ಟ ಮಗಳು ರೇಣುಕಾಳ ಕುಬಸಕ್ಕೆಂದು ಗುಳೇದಗುಡ್ಡದಿಂದ ಖಣ ತಂದು ವೈನಿಯ ಕೈಗೆ ಕೊಟ್ಟಿದ್ದಳು. ಜೊತೆಗೆ ಅಳತೆಗೆ ಮಗಳದೊಂದು ಹಳೆಯ ಕುಬಸ.

ನಮ್ಮಲ್ಲಿ ಟೇಪು ಹಿಡಿಸಿಕೊಂಡು ಅಳತೆ ಕೊಡುವವರು ಕಡಿಮೆ. ಟ್ರಂಕಿನಿಂದ ಒಂದು ಹಳೆಯದನ್ನು ತೆಗೆದು ಹೊಲಿಯುವವರ ಮುಂದೆ ಒಗೆದರೆ ಮುಗಿಯಿತು. ಕಮಲಕ್ಕ ಒಗೆದದ್ದು ಮಗಳು ಮದುವೆಗೆ ಮುಂಚೆ ತೊಡುತ್ತಿದ್ದದ್ದು. ಕಾರ್ಯದ ಹೊತ್ತಿಗೆ ಹುಡುಗಿಗೆ ಏಳು ತಿಂಗಳು. ಕಮಲಕ್ಕ ಹೇಳಲಿಲ್ಲ, ವೈನಿ ಕೇಳಲಿಲ್ಲ. ಖಣದಲ್ಲಿ ಬಟ್ಟೆ ಮೊದಲೇ ಕಡಿಮೆ ಎಂದು ಬಗಲಲ್ಲಿ ಒಂದಿಷ್ಟು ಹೆಚ್ಚಿಗೆ ಬಿಡಲೂ ಇಲ್ಲ.

ಕೊನೆಗೆ ಕುಬಸದ ಬೆನ್ನಿನ ಹೊಲಿಗೆ ಬಿಚ್ಚಿ, ಪಿನ್ನು ಚುಚ್ಚಿ, ಸೆರಗು ಹೊದಿಸಿ ರೇಣುಕಾಳನ್ನು ಕೂರಿಸಿದರು. ತುಂಬಿದ ಮನೆಯಲ್ಲಿ ಕಮಲಕ್ಕ, "ಶಶಿಕಲಾ, ನಿನ್ನ ಕೈಯಾಗ ಕೊಟ್ಟಿದ್ದಽ ನಂದು ತಪ್ಪು ನೋಡು" ಎಂದಳಂತೆ. ವೈನಿ ಯಾರಿಗೂ ಹೇಳದೆ ಎದ್ದು ಬಸ್ಸು ಹತ್ತಿ ವಾಪಸು ಬಂದರು. ಊಟ ಮಾಡದೆ. ಕುಬಸದ ಮನೆಯಿಂದ ಉಣ್ಣದೆ ಎದ್ದು ಬರುವುದು ಎಂಥ ಮಾತು ಎಂದು ನಿಮಗೆ ಬಿಡಿಸಿ ಹೇಳಬೇಕೆ?

ಅವತ್ತೇ ಮಷಿನ್ ಮೇಲೆ ಚಾದರ ಬಿತ್ತು.

ವರ್ಷದ ಮೇಲಾಯಿತು. ಮೊನ್ನೆ ತವರಿಗೆ ಹೋದಾಗ ಆ ಚಾದರದ ಮೇಲೆ ಅಣ್ಣನ ಇಸ್ತ್ರಿ ಬಟ್ಟೆ, ಟಿವಿಯ ರಿಮೋಟು, ದೊಡ್ಡದೊಂದು ಚುರಮರಿ ಡಬ್ಬಿ. ಚುರಮರಿಗೆಂದು ಡಬ್ಬಿ ಎತ್ತಿದಾಗಲೇ ನನಗೆ ಕೆಳಗೊಂದು ಮಷಿನ್ ಇದೆ ಎಂದು ನೆನಪಾದದ್ದು.

"ಎಷ್ಟ ದಿನಾ ಹಿಂಗ, ವೈನಿ?" ಎಂದೆ.

"ಕಣ್ಣ ಮಂಜ ಆಗ್ಯಾವ" ಎಂದರು.

ಸುಳ್ಳು. ಅದೇ ಕಣ್ಣಿನಿಂದ ಅಕ್ಕಿಯೊಳಗಿನ ಹರಳು ಆರಿಸುತ್ತಿದ್ದರು.

ನನಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ. ಅವರ ಫೋನು ತೆಗೆದುಕೊಂಡು ಎಐ ಹಾಕಿಕೊಟ್ಟೆ. (ಈ ಅಂಕಣ ಅದು ಬರೆದದ್ದಲ್ಲ. ಬರೆದಿದ್ದರೆ ಇಷ್ಟು ಜಗಳಗಂಟಿಯಾಗಿ ಇರುತ್ತಿರಲಿಲ್ಲ.)

"ಹೊಲಿಗಿ ಮತ್ತ ಚಾಲೂ ಮಾಡೂದು ಹ್ಯಾಂಗ ಅಂತ ಕೇಳ್ರಿ ಇದಕ್ಕ."

ಕೇಳಿದರು. ಮಾರುಕಟ್ಟೆ ಅಧ್ಯಯನ ಮಾಡಿ, ಬ್ರ್ಯಾಂಡಿಗೆ ಹೆಸರಿಡಿ, ಲೋಗೋ ಮಾಡಿಸಿ ಎಂದು ಚಂದದ ಪುಸ್ತಕದ ಕನ್ನಡದಲ್ಲಿ ಉದ್ದಕ್ಕೆ ಬಂತು. ವೈನಿ ಓದಿ, "ನನಗ ಕಿಡಕಿ ತಗ್ಯಾಕ ಧೈರ್ಯ ಇಲ್ಲ, ಇದು ಕಂಪನಿ ತಗಿ ಅಂತೈತಿ" ಎಂದರು. ಆದರೂ ನಕ್ಕರಲ್ಲ, ನನಗೆ ಅದೇ ದೊಡ್ಡದು.

ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಲು ಒಂದು ಮೆಸೇಜು ಕೇಳಿದೆವು. 'ಗೌರವಾನ್ವಿತ ಗ್ರಾಹಕ ಬಂಧುಗಳೇ' ಎಂದು ಶುರುವಾಯಿತು.

"ಹಿಂಗ ಬರದ್ರ ಬ್ಯಾಂಕಿನವ್ರಂತ ತಿಳಿದು ಡಿಲೀಟ್ ಮಾಡ್ತಾರ" ಎಂದು ವೈನಿ ಫೋನಿಗೇ ಹೇಳಿದರು. ಕ್ಷಮಿಸಿ, ನನ್ನ ತಪ್ಪು, ಸರಳವಾಗಿ ಬರೆಯುತ್ತೇನೆ ಎಂದಿತು. ಬರೆಯಿತು ಕೂಡ.

ಜೊತೆಗೊಂದು ಚಿತ್ರ ಬೇಕಲ್ಲ? ಕುಬಸಕ್ಕೆ ಕೂತ ಹುಡುಗಿಯ ಚಿತ್ರ ಬರಿ ಎಂದರೆ ಅವಳಿಗೆ ಬಿಳಿ ಸೀರೆ ಉಡಿಸಿಬಿಟ್ಟಿತು. ಬಸುರಿಗೆ ಬಿಳಿ ಸೀರೆ! ವೈನಿ ಫೋನನ್ನು ಮಗುಚಿ ಇಟ್ಟು ಎದ್ದುಹೋದರು. ಸ್ವಲ್ಪ ಹೊತ್ತಿಗೆ ತಾವೇ ಬಂದು ಎತ್ತಿಕೊಂಡು, "ಹಸರ ಸೀರಿ. ಕೈತುಂಬ ಹಸರ ಬಳಿ" ಎಂದರು. ಕ್ಷಮಿಸಿ, ತಪ್ಪಾಯಿತು ಎಂದಿತು. ಹಸಿರು ಸೀರೆ ಬಂತು. ಬಳೆ ಮಾತ್ರ ಒಂದೇ ಕೈಗೆ. ಮತ್ತೆ ಹೇಳಿದರು, ಮತ್ತೆ ಕ್ಷಮಿಸಿ, ಮತ್ತೆ ಚಿತ್ರ.

"ಇದಕ್ಕ ನಾಚಿಗಿ ಅನ್ನೂದು ಇಲ್ಲೇನು?" ಎಂದರು ವೈನಿ.

"ಮಷಿನ್ ಅದು. ನಾಚಿಗಿ ಎಲ್ಲಿಂದ ಬರಬೇಕ್ರಿ?"

ಅವರು ನಗಲಿಲ್ಲ. "ಹಂಗಲ್ಲ. ತಪ್ಪಾತು ಅಂತೈತಿ, ಮತ್ತ ಕೆಲಸಕ್ಕ ಕುಂಡ್ರತೈತಿ. ನಾ ರೇಣುಕಾಗ ತಪ್ಪಾತವಾ ಅಂತ ಇನ್ನೂ ಅಂದಽ ಇಲ್ಲ. ಅಲ್ಲಿಂದ ಓಡಿ ಬಂದು ಕೆಲಸಾನೂ ಬಿಟ್ಟ ಕುಂತೇನಿ."

ನೀವೇ ಹೇಳಿ, ನೌಕರಿಯಲ್ಲಿ ತಪ್ಪಾದರೆ ನಾವೇನು ಮಾಡುತ್ತೇವೆ? ಮೇಲಿನವರ ಮೇಲೆ ಹಾಕುತ್ತೇವೆ, ಕೆಳಗಿನವರ ಮೇಲೆ ಹಾಕುತ್ತೇವೆ, ಏನೂ ಸಿಗದಿದ್ದರೆ ಸರ್ವರ್ ಡೌನ್ ಇತ್ತು ಎನ್ನುತ್ತೇವೆ. ಪಡಸಾಲೆಯಲ್ಲಿ ಕೂತು ಹೊಲಿಯುವವಳು ಯಾರ ಮೇಲೆ ಹಾಕಬೇಕು? ಕೈಯೂ ಅವಳದೇ, ಹೆಸರೂ ಅವಳದೇ. ಹಾಗೆ ನೋಡಿದರೆ ಎಐ ಕೇಳುವ ಕ್ಷಮೆ ಪುಕ್ಕಟೆಯದು. ಮರುದಿನ ಅದು ಕಮಲಕ್ಕನ ಮನೆ ಮುಂದೆ ಹಾದು ಸಂತೆಗೆ ಹೋಗಬೇಕಿಲ್ಲ.

ಆಮೇಲೆ ವೈನಿ ನಡೆದದ್ದನ್ನೆಲ್ಲ ಅದಕ್ಕೆ ಹೇಳಿದರು. ನನಗೂ ಹೇಳದ್ದನ್ನು ಹೇಳಿದರು. ಅಳತೆಗೆ ಕೊಟ್ಟ ಬಟ್ಟೆ ಯಾವಾಗಿನದು ಎಂದು ಮೊದಲೇ ಕೇಳುವ ರೂಢಿ ಇದೆಯೇ ಎಂದು ಅದು ಕೇಳಿತು. ಇಲ್ಲ ಎಂದರು. ಹಾಗಾದರೆ ಮೆಸೇಜಿನಲ್ಲೇ ಅದರದೊಂದು ಸಾಲು ಸೇರಿಸಬಹುದಲ್ಲ ಎಂದಿತು. ವೈನಿ ಸೇರಿಸಿದರು, ತಮ್ಮ ಮಾತಿನಲ್ಲಿ: 'ಹಳೀ ಕುಬಸ ಒಗೀಬ್ಯಾಡ್ರಿ. ನಾನಽ ಟೇಪ್ ಹಿಡಕೊಂಡು ಬರ್ತೇನಿ.'

ರೇಣುಕಾಳಿಗೆ ಕ್ಷಮೆಯ ಪತ್ರವನ್ನೂ ಬರೆದುಕೊಡಲೇ ಎಂದು ಅದು ಕೇಳಿತು.

"ಬ್ಯಾಡ. ಅದನ್ನ ನಾನಽ ಹೋಗಿ ಅನ್ನಬೇಕು. ಅಂದು ಬಂದ ಮ್ಯಾಲ ಮೆಸೇಜ್ ಕಳಸೂದು" ಎಂದರು ವೈನಿ. ಯಾರಿಗೆ ಹೇಳಿದರೋ, ಫೋನಿಗೋ, ನನಗೋ.

ಮರುದಿನ ಇಬ್ಬರೂ ಹುನಗುಂದದ ಬಸ್ಸು ಹತ್ತಿದೆವು. ವೈನಿ ಕರದಂಟಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವಳು ಒಳಗೆ ಕರೆಯದಿದ್ದರೆ ಮಷಿನ್ ಮಾರಿಬಿಡುತ್ತೇನೆ ಎಂದು ಬಸ್ಸು ಇಳಿಯುವಾಗ ಅಂದರು. ಅದೊಂದೇ ಮಾತು.

ರೇಣುಕಾ ಬಾಗಿಲು ತೆಗೆದಳು, ಸೊಂಟದ ಮೇಲೆ ಕೂಸು. ವೈನಿ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು, "ನನ್ನಿಂದ ತಪ್ಪಾತವಾ, ರೇಣುಕಾ" ಎಂದರು.

"ಅದರ ಬೆನ್ನ ಹೊಲಿಸ್ಕೊಂಡೆ, ಅಕ್ಕಾರ. ಹಳೀ ಅಳತಿ ನೋಡ್ರಿ, ಈಗ ಚಂದ ಬರ್ತೈತಿ. ಕೂಸಿನ ಹುಟ್ಟಿದಹಬ್ಬಕ್ಕ ಅದನ್ನಽ ತೊಟ್ಟಿದ್ದೆ" ಎಂದಳು ರೇಣುಕಾ. ಆಮೇಲೆ ಮುಖ ಗಂಟು ಹಾಕಿಕೊಂಡಳು. "ನನಗ ಸಿಟ್ಟು ಇರೂದು ಕುಬಸದ ಮ್ಯಾಲ ಅಲ್ರಿ. ನೀವು ಉಣ್ಣದಽ ಹೋದ್ರಿ. ಬಸುರಿ ಮನ್ಯಾಗಿಂದ ಹಂಗ ಹೋಗ್ತಾರೇನ್ರಿ? ಒಳಗ ಬರ್ರಿ, ಮೊದಲ ಉಣ್ರಿ."

ವೈನಿ ಅಳುತ್ತ ಉಂಡರು. ನಾನೂ ಉಂಡೆ. (ಅಳದೆ ಎಂದರೆ ನೀವು ನಂಬಬೇಕು.)

ಎಲೆ ಎತ್ತುವಾಗ ರೇಣುಕಾ, "ನಮ್ಮ ನೆಗೆಣ್ಣಿಗೂ ಕುಬಸ ಬಂತ್ರಿ. ಆಕೀದು ನೀವಽ ಹೊಲದು ಕೊಡ್ರಿ" ಎಂದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ಮೈದುನನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದಳು.

ವೈನಿ ತಮ್ಮ ಚೀಲಕ್ಕೆ ಕೈ ಹಾಕಿ ಟೇಪು ತೆಗೆದರು. ಕಣ್ಣು ಮಂಜಾದವರ ಚೀಲದಲ್ಲಿ ಟೇಪು ಯಾಕಿತ್ತು ಎಂದು ನಾನು ಕೇಳಲಿಲ್ಲ.

ಮೆಸೇಜು ಆ ಸಂಜೆಯೇ ಹೋಯಿತು. ಕಮಲಕ್ಕ ಇನ್ನೂ ಮಾತಾಡಿಲ್ಲ, ಆದರೆ ನೋಡಿದ್ದಾಳೆ, ನೀಲಿ ಗೆರೆ ಬಿದ್ದಿದೆ. ಸದ್ಯಕ್ಕೆ ಅಷ್ಟು ಸಾಕು. ನಿನ್ನೆ ಫೋನು ಮಾಡಿದರೆ ಮಷಿನ್ ಸದ್ದಿನಲ್ಲಿ ವೈನಿಯ ಮಾತೇ ಸರಿಯಾಗಿ ಕೇಳಿಸಲಿಲ್ಲ. ಚುರಮರಿ ಡಬ್ಬಿ ಅಡುಗೆಮನೆ ಸೇರಿದೆಯಂತೆ.

ಅಂದ ಹಾಗೆ, ನಿಮ್ಮ ಮಷಿನ್ ಮೇಲೆ ಯಾವ ಡಬ್ಬಿ ಕೂತಿದೆ?