ರೈಲು ತಡವಾದ ಸಂಜೆಯ ಸ್ತೋತ್ರ

ಬ್ರೇಕು ಹಿಡಿದು ನಿಂತ ರೈಲಿನ ಕಾದ ಕಬ್ಬಿಣದ ವಾಸನೆಯೂ, ಗಾಳಿ ತಿರುಗಿದಾಗ ಮಂಡಿಯ ಕಡೆಯಿಂದ ಬರುವ ಕೊಬ್ಬರಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಿದ್ದರೆ ನನ್ನ ಕಣ್ಣು ಈಗಲೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ಭಕ್ತಿಯಲ್ಲ, ಬರಿಯ ರೂಢಿ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹಳಿಯಿಂದ ಹತ್ತೇ ಮಾರು ದೂರದ ಒಂದೂವರೆ ಕೋಣೆಯ ಮನೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ನಾವು ಐದು ಜನ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಾಗ ಇವೇ ಎರಡು ವಾಸನೆ ಕಿಟಕಿಯಿಂದ ಒಳಗೆ ಬರುತ್ತಿದ್ದವು. ಮೂರನೆಯದು ಒಲೆಯ ಮೇಲಿನ ಹುರುಳಿ ಸಾರಿನದು. ಪ್ರಾರ್ಥನೆಯ ದೊಡ್ಡ ಶತ್ರು ಸೈತಾನನಲ್ಲ, ಹುರುಳಿ ಸಾರು ಎಂಬುದು ನನಗೆ ಏಳನೆಯ ವಯಸ್ಸಿಗೇ ಖಚಿತವಾಗಿತ್ತು.

ಚಾಪೆಯ ಮೇಲಿನ ಸರ್ಕಾರ ನಮ್ಮ ಅಜ್ಜಿ ರೂತಮ್ಮನದು. ಆಕೆಯ ಕಾನೂನು ಒಂದೇ: ಊಟಕ್ಕೆ ಮೊದಲು ಪ್ರತಿಯೊಬ್ಬರೂ ಯಾವುದಾದರೊಂದು ಒಳಿತಿಗೆ ಕೃತಜ್ಞತೆಯಾಗಿ ದೇವರಿಗೆ ಒಂದು ಸ್ತೋತ್ರ ಹೇಳಬೇಕು, ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ. ಇದಕ್ಕೆ ತಿದ್ದುಪಡಿಯಾಗಲಿ ಮೇಲ್ಮನವಿಯಾಗಲಿ ಇರಲಿಲ್ಲ. ಅನ್ನಕ್ಕೆ, ಆರೋಗ್ಯಕ್ಕೆ, ನಲ್ಲಿಯ ನೀರಿಗೆ ಸ್ತೋತ್ರ ಹೇಳಿ ಮುಗಿಸಿದ ಮೇಲೆ ಮಕ್ಕಳಾದ ನಾವು ಹಗಲೆಲ್ಲ ಊರು ಸುತ್ತಿ ಸ್ತೋತ್ರಕ್ಕೆ ಸರಕು ಹುಡುಕಬೇಕಾಗುತ್ತಿತ್ತು. ನನ್ನ ತಮ್ಮ ಸ್ಯಾಮು ಒಮ್ಮೆ, "ಲೆಕ್ಕದ ಮೇಷ್ಟ್ರಿಗೆ ಜ್ವರ ಬಂದಿದ್ದಕ್ಕೆ ಸ್ತೋತ್ರ" ಅಂದ. ಅಜ್ಜಿ ಕಣ್ಣು ಬಿಡದೆಯೇ, "ಬೇಗ ವಾಸಿಯಾಗ್ಲಿ ಅಂತ ಸೇರ್ಸು ಕಣ್ಲಾ, ಇಲ್ದಿದ್ರೆ ಸಾರು ಇಳಿಯಾಕಿಲ್ಲ" ಅಂದಳು. ಅವನು ಬಹಳ ದುಃಖದಿಂದ ಸೇರಿಸಿದ. ಹೀಗೆ ಹುಡುಕಿ ಹುಡುಕಿಯೇ ನಾನು ಲೋಕವನ್ನು ನೋಡುವುದು ಕಲಿತದ್ದು. ನಿಮ್ಮ ಮನೆಯ ಸಂಜೆಗಳಲ್ಲೂ ಇಂಥದೊಂದು ಕಾನೂನು ಇದ್ದೀತು, ಅದನ್ನು ಹೇರಿದವರು ಈಗ ಇರಲಾರರು.

ಕಿರಿಯರಿಂದ ಶುರುವಾಗಿ ಅಮ್ಮ, ಆಮೇಲೆ ಅಜ್ಜಿ, ಕೊನೆಗೆ ಮನೆಯ ಯಜಮಾನರಾದ ಅಪ್ಪ, ಇದು ಸರದಿ. ಅಜ್ಜಿಯ ಸ್ತೋತ್ರ ಉದ್ದ. ಅದರ ನಡುವೆ ತಪ್ಪದೆ ಸಂಜೆಯ ಪ್ಯಾಸೆಂಜರ್ ಬರುತ್ತಿತ್ತು. ಗೋಡೆ ನಡುಗಿ, ತಟ್ಟೆಗಳು ಗಲಗಲ ಎಂದು, ಮನೆಯೇ ಹೊರಟು ನಿಂತಂತಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮಾತು ನಿಲ್ಲಿಸುತ್ತಿದ್ದರು. ಅಜ್ಜಿ ದನಿ ಏರಿಸಿ, ರೈಲಿಗೆ ಎದುರಾಗಿ ಕೂಗುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ಒಂದಕ್ಷರವೂ ಕೇಳುತ್ತಿರಲಿಲ್ಲ. ಅದು ಆಕೆಯ ಹಟ ಎಂದೇ ನಾವು ತಿಳಿದಿದ್ದೆವು.

ಅಜ್ಜಿ ಹುಟ್ಟಿದ್ದು ಹಾರನಹಳ್ಳಿಯ ರೈತರ ಮನೆಯಲ್ಲಿ. ಸ್ಟೇಷನ್ನಿನಲ್ಲಿ ದೀಪ ಹಚ್ಚುವ ಕೆಲಸದಲ್ಲಿದ್ದ ನಮ್ಮ ತಾತನನ್ನು ಮದುವೆಯಾಗಿ, ಕ್ರಿಸ್ತನನ್ನು ನಂಬಿ, ದೀಕ್ಷಾಸ್ನಾನ ಪಡೆದಳು. ಅಣ್ಣ ಸಿದ್ದಣ್ಣ ಬಾಗಿಲು ಮುಚ್ಚಿದ. ತೆಂಗಿನ ತೋಟದಲ್ಲಿ ಅವರಪ್ಪ ಮಗಳಿಗೆಂದು ಬಾಯಲ್ಲಿ ಹೇಳಿಟ್ಟಿದ್ದ ಮೂಲೆಯೂ ಅವನ ಕಡೆಗೇ ಹೋಯಿತು. ನಮ್ಮ ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಿವೃತ್ತಿಯಾದರೆ ಕ್ವಾರ್ಟರ್ಸು ಬಿಡಬೇಕು, ಹೋಗಲು ಇನ್ನೊಂದು ಸೂರಿಲ್ಲ. ಆ ತೋಟದ ಮೂಲೆಯಲ್ಲೊಂದು ಮನೆ ಕಟ್ಟುವುದು ಅವರ ಬಾಳಿನ ಏಕೈಕ ಆಸೆ. ಒಂದು ಸಂಜೆ, ಸಿದ್ದಣ್ಣನ ಮೇಲೆ ದಾವೆ ಹಾಕಲೆಂದು, ಛಾಪಾಕಾಗದವನ್ನೂ ಮಸಿಡಬ್ಬಿಯನ್ನೂ ತಂದು ಗೋಡೆಯ ಗೂಡಿನಲ್ಲಿಟ್ಟರು.

"ಅವ್ವ, ಬೆಳಿಗ್ಗೆ ವಕೀಲರ ಹತ್ರ ಹೋಗ್ತೀನಿ. ನೀನೊಂದು ಹೆಬ್ಬೆಟ್ಟು ಒತ್ತಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕತೀನಿ."

"ಮೊದ್ಲು ಸ್ತೋತ್ರ ಆಗ್ಲಿ ಕಣಪ್ಪ" ಅಂದಳು ಅಜ್ಜಿ.

ಕೂತೆವು. ನಮ್ಮ ಸರದಿ ಮುಗಿಯಿತು. ಅಜ್ಜಿ ಶುರುಮಾಡಿದಳು, ನಡುವಿಗೆ ಬಂದಳು, ನಿಂತಳು. ರೈಲು ಬರಲಿಲ್ಲ. ಹಳಿ ಸುಮ್ಮನಿತ್ತು, ತಟ್ಟೆಗಳು ಸುಮ್ಮನಿದ್ದವು. ಜೀವಮಾನದಲ್ಲಿ ಮೊದಲ ಸಲ ಆಕೆ ರೈಲಿಗಾಗಿ ಕಾಯುವುದನ್ನು ಒಂದು ಕಣ್ಣು ತೆರೆದು ನೋಡಿದೆ. ಅಮ್ಮ ಮೆಲ್ಲಗೆ, "ಅತ್ತೆ, ಸಾರು ಆರೋಗ್ತೈತೆ" ಅಂದಳು. ಬೇಕಿದ್ದರೆ ಅಜ್ಜಿ ಅಷ್ಟಕ್ಕೇ ಆಮೆನ್ ಹೇಳಿ ಏಳಬಹುದಿತ್ತು. ಏಳಲಿಲ್ಲ. ಉಸಿರೆಳೆದುಕೊಂಡು, ದಿನವೂ ರೈಲಿಗೆ ಎದುರಾಗಿ ಕೂಗುತ್ತಿದ್ದ ಅದೇ ದನಿಯಲ್ಲಿ, ರೈಲಿಲ್ಲದ ಆ ನಿಶ್ಶಬ್ದದಲ್ಲಿ ಕೂಗಿದಳು:

"ನಮ್ಮ ಸಿದ್ದಣ್ಣನಿಗಾಗಿ ಸ್ತೋತ್ರ ಸ್ವಾಮಿ. ಹೆಗಲ ಮ್ಯಾಲೆ ನನ್ನ ಕೂರಿಸ್ಕಂಡು ಕೆರೆ ಕೋಡಿ ಬಿದ್ದಿದ್ದ ತೋರಿಸ್ದೋನು ಅವ್ನು. ತೋಟ ಅವ್ನೇ ಉಣ್ಲಿ, ಅವ್ನ ಮಕ್ಕಳು ಉಣ್ಲಿ. ನೀನು ನಂಗೆ ಕೊಟ್ಟಿರೋ ಆಸ್ತಿಗೆ ಬೇಲಿ ಇಲ್ಲ, ಯಾರ ಹೆಬ್ಬೆಟ್ಟೂ ಬ್ಯಾಡ. ಅದ್ರಾಗೆ ನಮ್ಮಣ್ಣಂಗೂ ಜಾಗ ಐತೆ."

ಪಕ್ಕದ ಮನೆಯ ರೇಡಿಯೋ ನಿಂತಿತು. ಆಗ ಹೊಳೆಯಿತು, ಇಷ್ಟು ವರ್ಷ ಆಕೆ ಮಗನಿಗೆ ಕೇಳಿಸದಂತೆ ಒಂದೇ ಸ್ತೋತ್ರವನ್ನು ದಿನಾ ಹೇಳಿದ್ದಳು; ತಾನೇ ಮಾಡಿದ ಕಾನೂನನ್ನು ರೈಲ್ವೆ ಇಲಾಖೆಯ ಸಹಾಯದಿಂದ ದಿನಾ ಮುರಿದಿದ್ದಳು.

ಈಗ ಅಪ್ಪನ ಸರದಿ. ಅವರ ಕಣ್ಣು ಗೂಡಿನ ಕಡೆಗಿತ್ತು. ರೈಲು ತಡವಾದರೆ ಅದನ್ನು ಸ್ವಂತ ಮನೆಯ ಮಾನಹಾನಿಯೆಂದು ಭಾವಿಸುತ್ತಿದ್ದ ಮನುಷ್ಯ ಅವರು. ಕೊನೆಗೆ, "ಪ್ಯಾಸೆಂಜರ್ ಇವತ್ತು ಲೇಟಾಗಿದ್ದಕ್ಕೆ ಸ್ತೋತ್ರ" ಅಂದರು. ಅಜ್ಜಿಯ ಆಮೆನ್ ಹೊರಬೀಳುವಷ್ಟರಲ್ಲಿ ರೈಲು ಬಂದು ಅದನ್ನು ಹೊತ್ತುಕೊಂಡು ಹೋಯಿತು.

ಬೆಳಿಗ್ಗೆ ಅಪ್ಪ ವಕೀಲರ ಬಳಿಗಲ್ಲ, ಡ್ಯೂಟಿಗೆ ಹೋದರು. ಛಾಪಾಕಾಗದ ನಮ್ಮ ಹಾಡಿನ ಪುಸ್ತಕಕ್ಕೆ ಹೊದಿಕೆಯಾಯಿತು. ಅಜ್ಜಿಯ ಆಸ್ತಿಗೆ ಇರುವ ಸರ್ಕಾರಿ ದಾಖಲೆ ಅದೊಂದೇ, ಈಗ ನನ್ನ ಬಳಿ ಇದೆ. ಅಪ್ಪ ನಿವೃತ್ತರಾದ ಮೇಲೆ ನಾವು ಬಾಡಿಗೆ ಮನೆಗಳಲ್ಲಿ ಬಾಳಿದೆವು. ಅಪ್ಪ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ನಾನು ಮೇಷ್ಟ್ರಮ್ಮನಾಗಿ ದುಡಿದು ನಿವೃತ್ತಳಾದರೂ ಬಾಡಿಗೆ ಮನೆಯಲ್ಲೇ ಇದ್ದೇನೆ. "ಒಂದು ಹೆಬ್ಬೆಟ್ಟು ಒತ್ತಿದ್ದಿದ್ರೆ ಇವತ್ತು ನೀವು ಹೇಗಿರ್ತಿದ್ರಿ ಮೇಡಂ" ಎಂದು ಮರುಗುವವರಿದ್ದಾರೆ. ಮರುಗಲಿ, ಅದು ಅವರ ಹಕ್ಕು. ದಿನಕ್ಕೊಂದು ಹೊಸ ಕಾರಣಕ್ಕೆ ಸಂತೋಷಪಡುವುದನ್ನೂ, ಬಾಗಿಲು ಮುಚ್ಚಿದವನಿಗೆ ಒಳಗೊಂದು ಜಾಗ ಇಡುವುದನ್ನೂ ಅಜ್ಜಿ, ಅಪ್ಪ ನನಗೆ ಬಿಟ್ಟುಹೋದರು. ಇದನ್ನು ಬಡತನ ಅನ್ನುವವರ ಮುಂದೆ ನಾನು ತಲೆ ತಗ್ಗಿಸುವುದಿಲ್ಲ.

ಹೋದ ವಾರ ಅರಸೀಕೆರೆಗೆ ಹೋಗಿದ್ದೆ. ಕ್ವಾರ್ಟರ್ಸು ಇಲ್ಲ. ನಮ್ಮ ಚಾಪೆ ಹಾಸುತ್ತಿದ್ದ ಜಾಗದಲ್ಲಿ ಹೊಸ ಹಳಿಯ ಜಲ್ಲಿ ಬಿದ್ದಿದೆ. ಪ್ಲಾಟ್‌ಫಾರಮ್ಮಿನ ತುದಿಯ ಬೆಂಚಿನಲ್ಲಿ ಅದನ್ನು ನೋಡುತ್ತಾ ಕೂತೆ. ದೀಪ ಹತ್ತುವ ಹೊತ್ತು. ನಾನು ಹಿಂತಿರುಗಬೇಕಿದ್ದ ರೈಲು ತಡವಾಗಿದೆಯೆಂದೂ, ಅದಕ್ಕೆ ವಿಷಾದಿಸುತ್ತೇವೆಂದೂ ಮೈಕು ಹೇಳಿತು. ಜನ ಗೊಣಗಿದರು. ಚಾಪೆಯ ಮೇಲೆ ಕೂರುತ್ತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಸರದಿಯೂ ನನ್ನದೇ. ಕಣ್ಣು ಮುಚ್ಚಿದೆ. ಸಿದ್ದಣ್ಣನಿಂದ ಶುರುಮಾಡಿ ಅಜ್ಜಿ, ಅಪ್ಪ, ಅಮ್ಮ, ಸ್ಯಾಮು, ಲೆಕ್ಕದ ಮೇಷ್ಟ್ರು, ಎಲ್ಲರಿಗಾಗಿಯೂ ಸ್ತೋತ್ರ ಹೇಳಿದೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಯಾರೋ ಹೆಂಗಸು ಚೂರು ಸರಿದು ಕೂತಳು. ಹಳಿಯ ಮೇಲೆ ಯಾವ ಸದ್ದೂ ಇರಲಿಲ್ಲ. ಆದರೂ ರೈಲು ಹಾಯುವಾಗ ಎಷ್ಟು ಗಟ್ಟಿಯಾಗಿ ಹೇಳಬೇಕೋ ಅಷ್ಟೇ ಗಟ್ಟಿಯಾಗಿ ಹೇಳಿದೆ.