ಒಂದನೇ ಆರೋಪಿ

ಅವರ ಕರಿಕೋಟಿನ ಎಡತೋಳಿನಲ್ಲಿ ಮೂರು ಗುಂಡಿಗಳಿದ್ದವು. ನಡುವಿನದು ಮಾತ್ರ ಕಂದು ಬಣ್ಣದ್ದು. ನನಗಾಗ ಹದಿಮೂರು. ಸಿಂಧನೂರಿನ ಕೋರ್ಟಿನ ಬೆಂಚಿನ ಮೇಲೆ ಅವ್ವನ ಪಕ್ಕ ಕುಳಿತರೆ ನನ್ನ ಕಣ್ಣಿನ ಮಟ್ಟಕ್ಕೆ ಆ ತೋಳೇ ಕಾಣುತ್ತಿತ್ತು.

ಅವರು ಲಿಂಗಸುಗೂರಿನವರು, ನಮ್ಮ ವಕೀಲರು. ಹೋದ ವರ್ಷ ತೀರಿಕೊಂಡರು. ಅಂದಿನಿಂದ ಎಲ್ಲರೂ ಅವರನ್ನು ದೊಡ್ಡ ಮನುಷ್ಯ ಎನ್ನುತ್ತಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮುಕ್ಕುಂದದ ನಮ್ಮ ಮೂರೆಕರೆ ಗದ್ದೆ ಮರಳಿ ಅವ್ವನ ಹೆಸರಿಗೆ ಬಂದದ್ದು ಅವರ ಸಾಕ್ಷಿಯಿಂದ, ನಿಜ. ಅದನ್ನು ಕಳೆದವರೂ ಅವರೇ.

ಅಪ್ಪ ತೀರಿಕೊಂಡ ವರ್ಷವೇ ಅವನ ತಮ್ಮ, ನನ್ನ ಕಾಕಾ, ಆ ಗದ್ದೆ ತನ್ನದೆಂದು ದಾವೆ ಹಾಕಿದ. ನಮ್ಮ ವಕೀಲರು ಒಳಗೊಳಗೇ ಕಾಕಾನ ಕಡೆ ಸೇರಿದರು. "ಮುಂದ ಬೇಕಾಗ್ತಾವು" ಎಂದು ಅವ್ವನಿಂದ ಖಾಲಿ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಗದ್ದೆಯನ್ನು ಕಾಕಾನಿಗೆ ಬಿಟ್ಟುಕೊಟ್ಟಂತೆ ರಾಜಿಪತ್ರ ಬರೆದರು. "ಸಾಹೇಬ್ರು ಏನ್ ಕೇಳಿದ್ರೂ ಹೂಂ ಅನ್ರಿ ಅಕ್ಕಾರ. ಹೆಚ್ಚಿಗಿ ಮಾತಾಡಿದ್ರ ಅವ್ರಿಗೆ ಸಿಟ್ಟು ಬರತೈತಿ" ಎಂದು ಹೇಳಿಕೊಟ್ಟರು.

ನ್ಯಾಯಾಧೀಶರು "ರಾಜಿಗೆ ಒಪ್ಪಿಗೆ ಇದೆಯೇನಮ್ಮ?" ಎಂದರು. ಅವ್ವ "ಹೂಂ ರೀ" ಎಂದಳು. ರಾಜಿ ಎಂದರೆ ಜಗಳ ಮುಗಿಯಿತು ಎಂದುಕೊಂಡು ನಾನು ಖುಷಿಪಟ್ಟೆ.

ಮುಂದಿನ ಹತ್ತು ವರ್ಷ ಅವ್ವ ನಾಟಿಯ ಕೂಲಿಗೆ ಹೋದಳು. ಒಂದು ವರ್ಷ ಆ ಮೂರೆಕರೆಗೇ ಹೋದಳು. "ಯಾರ ಗದ್ದಿ ಆದ್ರೇನವಾ, ಸಸಿಗೆ ಗೊತ್ತಾಗತೈತೇನು?" ಎಂದು ನಕ್ಕಳು. ಆ ನಗೆ ನೆನಪಾದರೆ ವಕೀಲರನ್ನು ಕ್ಷಮಿಸಲು ಇವತ್ತಿಗೂ ಮನಸ್ಸು ಬರುವುದಿಲ್ಲ.

ಕಲಬುರಗಿಯಲ್ಲಿ ಎಂ.ಎ. ಮುಗಿಸಿ ನಾನು ಮಸ್ಕಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಅಲ್ಲೇ ತಾಲ್ಲೂಕು ಕಚೇರಿಯ ಎದುರು ಅವರು ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದರು. ಬೇರೊಬ್ಬ ಕಕ್ಷಿದಾರನಿಗೆ ಮಾಡಿದ ಮೋಸ ಬಯಲಾಗಿ ಅವರ ವಕೀಲಿ ಸನದು ಐದು ವರ್ಷ ಅಮಾನತಾಗಿತ್ತು. ಈಗ ಬರೆದದ್ದನ್ನು ಎರಡು ಸಲ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸುತ್ತಿರಲಿಲ್ಲ. ಬಳಗಾನೂರಿನ ಮುದುಕನೊಬ್ಬ "ಸಾಕ್ರಿ ಸಾಹೇಬ್ರ, ಬಸ್ ಹೋಗತೈತಿ" ಎಂದ. "ಹೋಗಲಿ ಬಿಡೋ ಯಪ್ಪಾ, ಇನ್ನೊಂದು ಬರತೈತಿ. ಕೇಳು" ಎಂದು ಅವರು ಮತ್ತೆ ಮೊದಲಿನಿಂದ ಓದಿದರು. ನಿಂತು ನೋಡುತ್ತಿದ್ದ ನಾನು ಮೇಜಿನ ಹತ್ತಿರ ಹೋದೆ.

"ನಮ್ಮವ್ವಗ ಯಾಕ ಓದಿ ಹೇಳಲಿಲ್ರಿ?"

ಅವರು ತಲೆ ಎತ್ತಿದರು. "ಯಾರ ಮಗಳವಾ ನೀ?"

"ಮುಕ್ಕುಂದದ ಮೂರೆಕರೆ. ಹೂಂ ಅಂದಾಕಿ ಮಗಳು."

ಮೂರನೆಯ ದಿನ ಅವರು ಸಿಂಧನೂರಿನ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಬಂದು, "ರಾಜಿ ರದ್ದು ಮಾಡ್ರಿ ಅಂತ ಅರ್ಜಿ ಹಾಕ್ರಿ ಅಕ್ಕಾರ. ನಾ ಸಾಕ್ಷಿ ಹೇಳತೀನಿ" ಎಂದರು.

ಸಾಕ್ಷಿಯ ದಿನ ಬಂದಾಗ ಅವರ ಸನದು ಮರಳಿ ಸಿಗಲು ನಾಲ್ಕೇ ತಿಂಗಳು ಬಾಕಿ. ಕೇಸು ಕೂಗಿದೊಡನೆ ಅಭ್ಯಾಸಬಲದಿಂದ ವಕೀಲರ ಮೇಜಿನತ್ತ ನಡೆದರು. "ಆ ಕಡೆ ಅಲ್ರಿ, ಈ ಕಡೆ" ಎಂದು ಜವಾನ ಕಟಕಟೆ ತೋರಿಸಿದ. ಹಿಂದೆ ಯಾರೋ ನಕ್ಕರು. ಅವರು ಕಟಕಟೆ ಹತ್ತಿ, ಖಾಲಿ ಕಾಗದದಿಂದ ಹಿಡಿದು ಹೇಳಿಕೊಟ್ಟ ಹೂಂ ತನಕ ಎಲ್ಲವನ್ನೂ ಒಪ್ಪಿಕೊಂಡರು.

"ಅವತ್ತು ಸುಳ್ಳು ಹೇಳಿದವರು ಇವತ್ತು ಖರೇ ಹೇಳತೀರಿ ಅಂತ ಹೆಂಗ ನಂಬೂದು?" ಕಾಕಾನ ವಕೀಲ ಕೆಣಕಿದ.

"ಇವತ್ತಿನ ಮಾತಿಗೆ ನನಗ ಸಿಗೂದು ಜೈಲೊಂದ ರೀ. ಜೈಲಿಗಾಗಿ ಯಾರರ ಸುಳ್ಳು ಹೇಳತಾರೇನು?"

ಹೊರಗೆ ಬಂದಾಗ ನಾಲ್ಕು ಜನ ಅವರ ಕೈ ಕುಲುಕಿದರು, ಚಹಾ ತರಿಸಿದರು. ಒಬ್ಬರೂ ಅವ್ವನ ಕಡೆ ನೋಡಲಿಲ್ಲ. ಹತ್ತು ನಿಮಿಷದ ಸತ್ಯಕ್ಕೆ ಇಷ್ಟು ಮರ್ಯಾದೆ! ಅವರು ಚಹಾ ಮುಟ್ಟದೆ ನನ್ನ ಹತ್ತಿರ ಬಂದರು.

"ಪೊಲೀಸ್ ಕಂಪ್ಲೇಂಟ್ ಕೊಡು ತಂಗಿ. ಇಲ್ಲಾಂದ್ರ ನಿಮ್ಮ ಕಾಕಾ ಮ್ಯಾಲಿನ ಕೋರ್ಟಿಗೆ ಹೋಗಿ, ಇದೆಲ್ಲ ನೀವ ಹೇಳಿಕೊಟ್ಟಿದ್ದು ಅಂತಾನ."

"ಬ್ಯಾಡ್ರಿ ಪಾಪ" ಎಂದಳು ಅವ್ವ. "ಕೊಟ್ರ ಅವನೊಬ್ಬನ ಮ್ಯಾಲ ಕೊಡತೀವಿ."

"ಅವನೊಬ್ಬನ ಹೆಸರು ಬರದ್ರ ನಿಲ್ಲಂಗಿಲ್ರಿ ಅಕ್ಕಾರ. ಕಾಗದ ಬರದಾಂವ ನಾ. ನಾನ ಒಂದನೇ ಆರೋಪಿ."

ನಮ್ಮ ವಕೀಲರಾಗಿ ಅವರು ನಮಗೆ ಕೊಟ್ಟ ಮೊದಲ ನೇರ ಸಲಹೆ ಅದು. ಅವತ್ತು ಸಂಜೆಯೆಲ್ಲ ಅವ್ವ, "ಖರೇ ಹೇಳಿದಾಂವನ್ನ ಜೈಲಿಗೆ ಹಾಕಸ್ತೀಯೇನವಾ?" ಎಂದು ಗೋಗರೆದಳು.

ಮರುದಿನ ಬೆಳಿಗ್ಗೆ ಒಬ್ಬಳೇ ಠಾಣೆಗೆ ಹೋದೆ. ಬರೆದುಕೊಳ್ಳುತ್ತಿದ್ದ ಪೇದೆ "ಆರೋಪಿ ಯಾರವಾ?" ಎಂದು ಕೇಳಿದ. ಮೊದಲು ವಕೀಲರ ಹೆಸರು ಹೇಳಿದೆ. ಕಾಕಾನದು ಆಮೇಲೆ.